ಪೆನ್ಸಿಲ್ ಅಕ್ಷರ ಅಳಿಸಿದ ಮೇಲೆ: ಮಂಡ್ಯದ ಹುಡುಗಿ ನೋಟ್ ಓದಲು ಕಲಿತ ಪ್ರಕರಣ

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಪಿಟೀಲು ಪೆಟ್ಟಿಗೆ ಹಿಡಿದು ಒಬ್ಬ ಹುಡುಗಿ ಮೈಸೂರಿನ ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ಇಪ್ಪತ್ತು. ಊರು ಮಂಡ್ಯ, ಓದುವುದು ಮೈಸೂರಿನ ಕಾಲೇಜಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದ್ದಾಳೆ. ಸೀನಿಯರ್ ಪರೀಕ್ಷೆ ಪಾಸಾಗಿದೆ. ವರ್ಣವನ್ನು ಎರಡು ಕಾಲದಲ್ಲಿ ಸಲೀಸಾಗಿ ನುಡಿಸುತ್ತಾಳೆ. ಇಷ್ಟೆಲ್ಲ ಇದ್ದೂ ಮುಖ ಮಾತ್ರ ಅಳುವ ಹಾಗಿತ್ತು.

ಆಗಿದ್ದಿಷ್ಟು. ಗೆಳತಿಯೊಬ್ಬಳ ಜೊತೆ ಒಂದು ಚಿಕ್ಕ ತಂತಿವಾದ್ಯ ತಂಡಕ್ಕೆ ಸೇರಿದ್ದಳು. ಎಂಟು ಪಿಟೀಲು, ಎರಡು ಚೆಲ್ಲೋ. ಕ್ರಿಸ್‌ಮಸ್ ಹೊತ್ತಿಗೆ ಒಂದು ಕಾರ್ಯಕ್ರಮ. ಮೊದಲ ರಿಹರ್ಸಲ್‌ನಲ್ಲಿ ಅವಳ ಮುಂದೆ ಎರಡನೇ ಪಿಟೀಲಿನ ಹಾಳೆ ಇಟ್ಟರು. ಪಾಶ್ಚಾತ್ಯ ಸಂಗೀತದ ಲಿಪಿ: ಐದು ಗೆರೆ, ಅದರ ಮೇಲೆ ಕಪ್ಪು ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಂದು ನೋಟ್, ಅಂದರೆ ಸ್ವರ. ಎಂಟನೇ ಬಾರ್ (ಎಣಿಕೆಯ ಒಂದು ಖಂಡ) ಬರುವಷ್ಟರಲ್ಲಿ ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಯಿತಂತೆ. ಕಮಾನನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸುತ್ತಾ ಕೂತಿದ್ದಳಂತೆ.

"ಎಲ್ಲರೂ ನುಡಿಸ್ತಿದ್ರು ಸರ್. ನಾನು ನುಡಿಸೋ ಥರ ಮಾಡ್ತಿದ್ದೆ."

ಅವಳು ಒಪ್ಪಿದ್ದರಿಂದ, ಹೆಸರು ಬಿಟ್ಟು, ಮುಂದಿನ ಆರು ತಿಂಗಳಲ್ಲಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ.

ಮೊದಲ ದಿನದ ಪರೀಕ್ಷೆ

ಮೊದಲ ತಪ್ಪು ಮೊದಲ ಹತ್ತು ನಿಮಿಷದಲ್ಲೇ ಆಯಿತು. ಹುಡುಗಿಗೆ ಹೆದರಿಕೆ ಬೇಡ ಅಂತ ಒಂದು ನೊಟ್ಟುಸ್ವರವನ್ನು ಐದು ಗೆರೆಯಲ್ಲಿ ಬರೆದುಕೊಟ್ಟೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಮೂವತ್ತಕ್ಕೂ ಹೆಚ್ಚು ನೊಟ್ಟುಸ್ವರ ಮಾಡಿದ್ದಾರೆ. ಶಂಕರಾಭರಣದ ಸ್ವರಗಳು, ಸ್ವರವನ್ನು ಅಲುಗಿಸುವ ಗಮಕ ಇಲ್ಲ, ನೇರ ನಡೆ. ಎರಡು ಲೋಕಕ್ಕೂ ಸೇತುವೆ ಅಂದುಕೊಂಡೆ. ಅವಳು ಮೂರು ನೋಟ್ ನೋಡಿ ಗುರುತು ಹಿಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೊನೆತನಕ ನುಡಿಸಿಬಿಟ್ಟಳು. ನನಗೇನೂ ತಿಳಿಯಲಿಲ್ಲ. ಕಿವಿಗೆ ಗೊತ್ತಿರುವ ಹಾಡು ಕಣ್ಣಿಗೆ ಪರೀಕ್ಷೆ ಆಗೋದಿಲ್ಲ.

ಆಮೇಲೆ ಎಲ್ಲೂ ಕೇಳಿರದ ಎಂಟು ಬಾರ್ ಬರೆದುಕೊಟ್ಟೆ. ಜಿ ಮೇಜರ್ (ಜಿ ನೋಟೇ ಸ ಆಗಿರುವ ಶ್ರೇಣಿ), ಬಾರಿಗೆ ನಾಲ್ಕು ಎಣಿಕೆ, ಮೊದಲ ಗ್ರೇಡಿನ ಮಕ್ಕಳು ಓದುವಷ್ಟು ಸುಲಭ. ಮುಗಿಸಲು ಹತ್ತಿರ ಹತ್ತಿರ ಮೂರು ನಿಮಿಷ ಬೇಕಾಯಿತು. ಐದು ಕಡೆ ನಿಂತಳು. ಪ್ರತಿ ಸಲ ನಿಂತಾಗಲೂ ಹಿಂದಿನ ಬಾರಿಗೆ ಹೋಗಿ ಸರಿಮಾಡಿಕೊಂಡು ಬಂದಳು. ನಂತರ ಅದನ್ನೇ ನಾನು ಒಂದು ಸಲ ನುಡಿಸಿ ತೋರಿಸಿದೆ. ತಕ್ಷಣ ಪೂರ್ತಿ ನುಡಿಸಿದಳು, ಒಂದು ತಪ್ಪಿಲ್ಲ. ಗಾಂಧಾರಕ್ಕೆ ಸಣ್ಣ ಕಂಪಿತ ಬೇರೆ ಹಾಕಿದಳು.

ಬೆರಳಿಗೆ ಏನೂ ಆಗಿಲ್ಲ ಅಂತ ಗೊತ್ತಾಯಿತು. ತಾಳ ಹೇಗಿದೆ? ನೋಟ್ ಬಿಟ್ಟು ಬರೀ ಲಯವನ್ನು ಚಪ್ಪಾಳೆಯಲ್ಲಿ ತೋರಿಸು ಅಂದೆ. ಒಂದೂವರೆ ಎಣಿಕೆ, ಅರ್ಧ ಎಣಿಕೆ ಬರುವ ಕಡೆ ಪಾಶ್ಚಾತ್ಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ. ಇವಳಿಗೆ "ತಕದಿಮಿಯಲ್ಲಿ ಮೊದಲ ಮೂರನ್ನ ಸೇರಿಸಿ ಎಳಿ, ಮಿ ಮಾತ್ರ ಬಿಡಿಸಿ ಹೇಳು" ಅಂದಿದ್ದೇ ತಡ, ಸರಿಯಾಯಿತು. ಆದಿತಾಳದಲ್ಲಿ ಬೆಳೆದವರಿಗೆ ನಾಲ್ಕರ ಲೆಕ್ಕ ಯಾವ ದೊಡ್ಡದು?

ಇನ್ನು ಉಳಿದದ್ದು ಕಣ್ಣು. ಚೀಟಿಗಳಲ್ಲಿ ಒಂದೊಂದೇ ನೋಟ್ ಬರೆದು ತೋರಿಸಿದೆ. ಹತ್ತಕ್ಕೆ ಹತ್ತೂ ಸರಿ ಹೇಳಿದಳು. ಆದರೆ ಮೇಲಿನ ನೋಟ್‌ಗಳಿಗೆ ಮೂರು ಮೂರು ಸೆಕೆಂಡ್. ತುಟಿ ಅಲ್ಲಾಡುತ್ತಿತ್ತು. "ಏನು ಎಣಿಸ್ತಿದ್ದೀಯಮ್ಮ?" ಅಂದೆ. ಕೆಳಗಿನ ಗೆರೆಯಿಂದ ಈ, ಎಫ್, ಜಿ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಇಂಗ್ಲಿಷ್ ಅಕ್ಷರ ಸಿಕ್ಕಿದ ಮೇಲೆ ಅದನ್ನು ಸರಿಗಮಕ್ಕೆ ತಿರುಗಿಸಬೇಕು. ಆಮೇಲೆ ಆ ಸ್ವರಕ್ಕೆ ಬೆರಳು ಹುಡುಕಬೇಕು. ಮಂಡ್ಯದಿಂದ ಮೈಸೂರಿಗೆ ಬೆಂಗಳೂರು ಸುತ್ತಿ ಬಂದ ಹಾಗೆ.

ತಂತಿಯ ತಕರಾರು

ಇಲ್ಲಿ ಇನ್ನೊಂದು ತೊಡಕಿತ್ತು. ಎರಡೂ ಪದ್ಧತಿ ನುಡಿಸದವರಿಗೆ ಇದು ಬೇಗ ಹೊಳೆಯುವುದಿಲ್ಲ.

ನಮ್ಮ ಪಿಟೀಲಿಗೆ ಶ್ರುತಿ ಸ-ಪ-ಸ-ಪ. ಕೆಳಗಿನ ಎರಡು ತಂತಿಯಲ್ಲಿ ಬೆರಳು ಹೇಗೆ ಓಡುತ್ತದೋ ಮೇಲಿನ ಎರಡು ತಂತಿಯಲ್ಲೂ ಹಾಗೇ ಓಡುತ್ತದೆ, ಒಂದು ಸ್ಥಾಯಿ ಮೇಲೆ ಅಷ್ಟೇ. ಪಾಶ್ಚಾತ್ಯ ಪಿಟೀಲಿಗೆ ಜಿ-ಡಿ-ಎ-ಈ. ಪ್ರತಿ ತಂತಿಗೂ ಮುಂದಿನ ತಂತಿಗೂ ಸ-ಪ ಅಂತರವೇ. ಜಿಯನ್ನು ಸ ಅಂತ ಹಿಡಿದರೆ ಡಿ ಪಂಚಮ, ಸರಿ. ಆದರೆ ಎ ತಂತಿ ತಾರ ಷಡ್ಜ (ಮೇಲಿನ ಸ) ಅಲ್ಲ, ರಿಷಭ (ರಿ). 'ಈ' (E) ತಂತಿ ಧೈವತ (ಧ). ಒಂಬತ್ತು ವರ್ಷ ಮೂರನೇ ತಂತಿಯಲ್ಲಿ ಸ ಕೇಳಿದ ಕೈಗೆ ಅಲ್ಲಿ ರಿ ಸಿಕ್ಕಿದರೆ ಹೇಗಾಗಬೇಡ? ನಮ್ಮ ಮನೆ ಮೆಟ್ಟಿಲು ಅಂದುಕೊಂಡು ಪಕ್ಕದ ಮನೆ ಮೆಟ್ಟಿಲು ಇಳಿದ ಹಾಗೆ. ಕಾಲು ತಾಗುತ್ತದೆ, ಲೆಕ್ಕ ತಪ್ಪುತ್ತದೆ.

ಮೊದಲು ಒಂದೇ ಪಿಟೀಲನ್ನು ಎರಡಕ್ಕೂ ಶ್ರುತಿ ಮಾಡಿಕೊಳ್ಳುತ್ತಿದ್ದಳು. ಎರಡನೇ ವಾರ ಬಿರಡೆ ತಿರುಗಿಸುತ್ತಿದ್ದ ಹಾಗೇ ಮೇಲಿನ ತಂತಿ ಪಟ್ ಅಂತ ಹರಿದು ಕೆನ್ನೆಗೆ ಬಡಿಯಿತು. ಆಮೇಲೆ ಚಿಕ್ಕಪ್ಪನ ಮನೆಯಲ್ಲಿ ಧೂಳು ಹಿಡಿದು ಕೂತಿದ್ದ ಹಳೇ ಪಿಟೀಲು ತಂದುಕೊಂಡಳು. ಕೆಳಗೆ ಕೂತು, ಕಾಲಿನ ಮೇಲೆ ಸುರುಳಿ ಊರಿ ನುಡಿಸುವುದು ಒಂದು. ಕುರ್ಚಿಯಲ್ಲಿ ಕೂತು ಗಲ್ಲಕ್ಕೆ ಒತ್ತಿ ನುಡಿಸುವುದು ಇನ್ನೊಂದು. ಇದರಿಂದ ಅರ್ಧ ಗೊಂದಲ ತಾನಾಗೇ ಕಳೆಯಿತು. ಕೈಗೆ ಯಾವ ಪಿಟೀಲು ಬಂತು ಅನ್ನುವುದರಲ್ಲೇ ತಲೆಗೆ ಸೂಚನೆ ಸಿಗುತ್ತಿತ್ತು.

ನನ್ನ ಪೆನ್ಸಿಲ್

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಮುಂದಿನ ರಿಹರ್ಸಲ್‌ಗೆ ಹತ್ತು ದಿನ ಇತ್ತು. ಹುಡುಗಿ ಮತ್ತೆ ಅವಮಾನ ಪಡಬಾರದು ಅಂತ ಪೆನ್ಸಿಲ್ ತೆಗೆದುಕೊಂಡು ಪ್ರತಿ ನೋಟಿನ ಕೆಳಗೂ ಕನ್ನಡದಲ್ಲಿ ಸ, ರಿ, ಗ, ಮ ಬರೆದುಕೊಟ್ಟೆ. ಮೇಲೆ ಚುಕ್ಕಿ, ಕೆಳಗೆ ಚುಕ್ಕಿ, ಎಲ್ಲ ನಮ್ಮ ಪುಸ್ತಕಗಳಲ್ಲಿ ಇರುವ ಹಾಗೇ. ಎರಡು ದಿನದಲ್ಲಿ ಪೂರ್ತಿ ನುಡಿಸಿದಳು. ರಿಹರ್ಸಲ್‌ನಲ್ಲಿ ಶಭಾಷ್ ಸಿಕ್ಕಿತು. ಸಂತೋಷದಿಂದ ಮೈಸೂರ್ ಪಾಕ್ ತಂದಳು, ತಿಂದೆ.

ಮೂರನೇ ರಿಹರ್ಸಲ್‌ನಲ್ಲಿ ಹೊಸ ಹಾಳೆ ಕೊಟ್ಟರು. ಡಿ ಮೇಜರ್. ಈಗ ಡಿ ನೋಟೇ ಸ ಅಂತ ಅವಳಿಗೆ ಗೊತ್ತು. ಆದರೆ ನಾಲ್ಕನೇ ಗೆರೆ ಮೇಲಿನ ನೋಟ್ ಕಂಡ ಕೂಡಲೇ ಹಳೇ ಹಾಳೆಯ ನೆನಪು ಬಂತು. ಅಲ್ಲಿ ಅದರ ಕೆಳಗೆ ನಾನು "ಪ" ಬರೆದಿದ್ದೆ. ಸರಿ, ಪ ಅಂದುಕೊಂಡಳು. ಡಿ ಷಡ್ಜ ಆದರೆ ಪಂಚಮ ಎ. ಖಾಲಿ ಎ ತಂತಿ ಎಳೆದಳು. ಆ ಗೆರೆಯ ನೋಟ್ ನಿಜಕ್ಕೂ ಡಿ. ಹಾಡು ಪೂರ್ತಿ ಹೀಗೇ. ಅವಳ ತರ್ಕದಲ್ಲಿ ತಪ್ಪಿರಲಿಲ್ಲ, ನಾನು ಕೊಟ್ಟ ಸಾಮಾನೇ ಸರಿ ಇರಲಿಲ್ಲ. ನಮ್ಮ ಸ ಊರೂರು ಓಡಾಡುವ ಸ. ಎಲ್ಲಿ ಕೂತರೂ ಅದೇ ಮನೆ. ಐದು ಗೆರೆಯ ನೋಟ್ ಮಾತ್ರ ಕೂತ ಜಾಗ ಬಿಟ್ಟು ಕದಲುವುದಿಲ್ಲ.

ಆ ಶನಿವಾರ ನನಗೇ ಅನುಮಾನ ಬಂದು ಒಂದು ಕಿತಾಪತಿ ಮಾಡಿದೆ. ಅವಳು "ಕಲಿತಿದ್ದ" ಮೊದಲ ಹಾಡನ್ನೇ ಕೈಯಲ್ಲಿ ಹೊಸದಾಗಿ ಬರೆದೆ, ಪೆನ್ಸಿಲ್ ಅಕ್ಷರ ಇಲ್ಲದೆ. ಐದನೇ ಬಾರನ್ನು ಆರನೆಯದರ ಜಾಗದಲ್ಲಿ, ಆರನೆಯದನ್ನು ಐದನೆಯದರ ಜಾಗದಲ್ಲಿ ಇಟ್ಟೆ. ಸ್ಟ್ಯಾಂಡ್ ಮೇಲಿಟ್ಟು "ನುಡಿಸು" ಅಂದೆ. ಕಣ್ಣು ಹಾಳೆ ಮೇಲೇ ಇತ್ತು. ನುಡಿಸಿದಳು, ಹಳೇ ಕ್ರಮದಲ್ಲಿ, ನಗುನಗುತ್ತಾ.

"ಎಲ್ಲಿ ನೋಡ್ತಿದ್ದೆಮ್ಮ?"

"ಹಾಳೆ ನೋಡ್ತಿದ್ದೆ ಸರ್."

"ಐದನೇ ಬಾರ್ ನೋಡು."

ನೋಡಿದಳು. ಕಮಾನು ಕೆಳಗಿಟ್ಟಳು. ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಗು ಬಂತು.

ಅವತ್ತೇ ರಬ್ಬರ್ ತಗೊಂಡು ಎಲ್ಲ ಹಾಳೆಯ ಅಕ್ಷರಗಳನ್ನೂ ಅಳಿಸಿದೆವು. ನಾನು ಒತ್ತಿ ಬರೆಯುವವನು, ಅಚ್ಚು ಉಳಿಯಿತು. ಹೊಸ ಜೆರಾಕ್ಸ್ ಮಾಡಿಸಬೇಕಾಯಿತು.

ಗೆರೆ ಮತ್ತು ಸಂದು

ಅಕ್ಷರದ ಬದಲು ಏನು? ಚುಕ್ಕಿ ಕಂಡರೆ ಬೆರಳು ಬೀಳಬೇಕು, ನಡುವೆ ಹೆಸರು ಬರಬಾರದು. ಅದಕ್ಕೆ ಪಿಟೀಲಿನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಪಿಟೀಲಿಗೆ ಬಳಸುವ ಗುರುತಾದ ಟ್ರೆಬಲ್ ಕ್ಲೆಫ್‌ನಲ್ಲಿ ನಾಲ್ಕು ಖಾಲಿ ತಂತಿಗಳ ನೋಟ್ ನೋಡಿ. ಜಿ ಕೆಳಗಡೆ, ಎರಡು ತುಂಡು ಗೆರೆಗಳ ಅಡಿಯಲ್ಲಿ ನೇತಾಡುತ್ತದೆ. ಡಿ ಐದು ಗೆರೆಯ ಕೆಳಗೆ ಅಂಟಿಕೊಂಡಿದೆ. ಎ ಎರಡನೇ ಸಂದಿನಲ್ಲಿ. 'ಈ' (E) ನಾಲ್ಕನೇ ಸಂದಿನಲ್ಲಿ. ನಾಲ್ಕೂ ಗೆರೆ ಮೇಲಿಲ್ಲ, ಸಂದಿನಲ್ಲೇ ಇವೆ. ಹಾಗಾಗಿ ಕೈ ಬಿರಡೆಗಳ ಪಕ್ಕದಲ್ಲೇ ಇರುವ ಮೊದಲ ಪೊಸಿಷನ್‌ನಲ್ಲಿ ಯಾವ ತಂತಿಯಾದರೂ ಲೆಕ್ಕ ಒಂದೇ. ನೋಟ್ ಗೆರೆ ಮೇಲೆ ಕೂತಿದ್ದರೆ ಒಂದನೇ ಬೆರಳು ಅಥವಾ ಮೂರನೇ ಬೆರಳು. ಸಂದಿನಲ್ಲಿದ್ದರೆ ಖಾಲಿ ತಂತಿ, ಇಲ್ಲವೇ ಎರಡು, ಇಲ್ಲವೇ ನಾಲ್ಕು.

ಇದನ್ನು ಹೇಳಿದಾಗ ಅವಳ ಕಣ್ಣು ಅರಳಿತು. "ಇದನ್ನ ಮೊದಲೇ ಹೇಳಬಾರದಿತ್ತಾ ಸರ್?" ಹೌದು, ಹೇಳಬೇಕಿತ್ತು.

ನಾಲ್ಕು ಖಾಲಿ ತಂತಿ, ನಾಲ್ಕು ಮೂರನೇ ಬೆರಳು. ಈ ಎಂಟನ್ನು ಮೊದಲು ಗಟ್ಟಿ ಮಾಡಿಸಿದೆ. ಡಿ ತಂತಿಯ ಮೂರನೇ ಬೆರಳು ಜಿ, ಅಂದರೆ ಕೆಳಗಿನ ಖಾಲಿ ತಂತಿಯ ಮೇಲಿನ ಸ್ಥಾಯಿ. ಎರಡನ್ನೂ ಕೂಡಿಸಿ ಎಳೆದರೆ ಸರಿಯೋ ತಪ್ಪೋ ಕಿವಿಯೇ ಹೇಳುತ್ತದೆ. ಅವಳ ಕಿವಿ ಅಂಥ ಕಿವಿ, ಅದನ್ನು ಯಾಕೆ ಮನೆಯಲ್ಲಿ ಬಿಟ್ಟುಬರಬೇಕು? ಕಷ್ಟವಾದದ್ದು ಬೆರಳಿನ ಅಭ್ಯಾಸ. ಹೆಚ್ಚಾಗಿ ಮೊದಲ ಎರಡು ಬೆರಳಿನಲ್ಲೇ ಜಾರಿಸಿ ನುಡಿಸುತ್ತಿದ್ದವಳು. ಮೂರನೆಯದು ಸೋಮಾರಿ, ನಾಲ್ಕನೆಯದು ಲೆಕ್ಕಕ್ಕೇ ಇಲ್ಲ.

ಎರಡನೇ ಬೆರಳಿಗೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೊಟ್ಟೆವು. ಜಿ ಮೇಜರ್‌ನಲ್ಲಿ ಡಿ ತಂತಿಯ ಮೇಲೆ ಅದು ಎಫ್ ಶಾರ್ಪ್ (ಅರ್ಧ ಮೆಟ್ಟಿಲು ಮೇಲಿನ ಎಫ್), ಮೂರನೇ ಬೆರಳಿಗೆ ತಾಗಿ ಕೂರುತ್ತದೆ. ಎ ತಂತಿಗೆ ಬಂದರೆ ಸಿ, ಮೊದಲ ಬೆರಳಿಗೆ ತಾಗಬೇಕು. ಡಿ ಮೇಜರ್‌ನಲ್ಲಿ ಎರಡು ಕಡೆಯೂ ಮೇಲೆ. ಹಾಳೆಯ ಶುರುವಿನಲ್ಲಿರುವ ಶಾರ್ಪ್ ಗುರುತು ಹೇಳುವುದು ಇದನ್ನೇ. "ಸಾಧಾರಣ ಗಾಂಧಾರ, ಅಂತರ ಗಾಂಧಾರ ಇದ್ದ ಹಾಗೆ" ಅಂದೆ, ಒಂದೇ ಸ್ವರದ ಕೆಳಗಿನ ಜಾಗ, ಮೇಲಿನ ಜಾಗ. ಅಷ್ಟು ಸಾಕಾಯಿತು.

ಲಗ್ನಪತ್ರಿಕೆ

ನಿಂತು ಸರಿಮಾಡಿಕೊಳ್ಳುವ ಚಾಳಿ ಇನ್ನೂ ಹೋಗಿರಲಿಲ್ಲ. ಪಾಠದ ಮನೆಯಲ್ಲಿ ಅದು ಒಳ್ಳೆಯ ಗುಣ. ತಪ್ಪಾದರೆ ಮತ್ತೆ ಹೇಳು ಅಂತಲೇ ನಾವೆಲ್ಲ ಕಲಿತದ್ದು. ತಂಡದಲ್ಲಿ ಒಬ್ಬಳು ಹಿಂದೆ ಹೋದರೆ ಉಳಿದವರು ಕಾಯುವುದಿಲ್ಲ.

ಟೇಬಲ್ ಮೇಲೆ ಯಾರದ್ದೋ ಮದುವೆಯ ಲಗ್ನಪತ್ರಿಕೆ ಬಿದ್ದಿತ್ತು. ದಪ್ಪ ಕಾಗದ, ಅಂಚಿಗೆ ಅರಿಶಿನ. ತಾಳ ತಟ್ಟುವ ಯಂತ್ರ ಮೆಟ್ರೋನೋಮನ್ನು ನಿಮಿಷಕ್ಕೆ ಐವತ್ತು ಎಣಿಕೆಗೆ ಇಟ್ಟು ಅವಳು ನುಡಿಸಲು ಶುರುಮಾಡಿದಳು. ಅವಳ ಕಮಾನು ಒಂದು ಬಾರಿನ ಮೊದಲ ಎಣಿಕೆಗೆ ಬಂದ ತಕ್ಷಣ ಆ ಬಾರನ್ನೇ ಪತ್ರಿಕೆಯಿಂದ ಮುಚ್ಚಿದೆ. "ಅಯ್ಯೋ ಸರ್, ಕಾಣಲ್ಲ!" "ಕಾಣಬಾರದು. ಮುಂದಿನದು ನೋಡು." ಮೊದಲ ದಿನ ಮೂರು ಬಾರ್ ದಾಟಲಿಲ್ಲ. ಒಂದು ವಾರ ಕಳೆದ ಮೇಲೆ ಕಣ್ಣು ತಾನಾಗಿ ಮುಂದೆ ಓಡಲು ಶುರುವಾಯಿತು. ಕೈ ಈ ಬಾರಿನಲ್ಲಿ, ಕಣ್ಣು ಮುಂದಿನ ಬಾರಿನಲ್ಲಿ. ಗಾಡಿ ಓಡಿಸುವವನು ಚಕ್ರದ ಬುಡ ನೋಡ್ತಾನಾ? ಹಾಳೆ ಓದುವುದೂ ಹಾಗೇ. ಹಿಂದಕ್ಕೆ ಹೋಗಬೇಕು ಅಂದರೂ ಹಿಂದಿನದು ಪತ್ರಿಕೆಯ ಕೆಳಗೆ ಮುಚ್ಚಿಹೋಗಿತ್ತು. ಹಾಗಾಗಿ ಚಾಳಿಯೂ ಬಿಟ್ಟಿತು.

ದಿನಕ್ಕೆ ಎಂಟು ಹೊಸ ಬಾರ್, ಒಂದೇ ಸಲ. ಚೆನ್ನಾಗಿ ಬರಲಿಲ್ಲ ಅಂತ ಎರಡನೇ ಸಲ ನುಡಿಸುವ ಹಾಗಿಲ್ಲ, ನುಡಿಸಿದರೆ ಅದು ಕಿವಿಯ ಪಾಲಾಗುತ್ತದೆ. ನುಡಿಸುವ ಮೊದಲು ಅರ್ಧ ನಿಮಿಷ ನೋಡಬಹುದು. ಲಂಡನ್ನಿನ ಎಬಿಆರ್‌ಎಸ್‌ಎಂ ಸಂಸ್ಥೆಯ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಯಲ್ಲೂ ಅರ್ಧ ನಿಮಿಷವೇ ಕೊಡುತ್ತಾರೆ. ಅಲ್ಲಿ 150 ಅಂಕದಲ್ಲಿ 21 ಇದಕ್ಕೇ ಮೀಸಲು. ಆ ಅರ್ಧ ನಿಮಿಷದಲ್ಲಿ ಶಾರ್ಪ್ ಎಷ್ಟು, ಎಣಿಕೆ ಎಷ್ಟು, ತೀರಾ ಗಿಜಿಗುಟ್ಟುವ ಬಾರ್ ಯಾವುದು ಅಂತ ನೋಡಿಕೊಳ್ಳಬೇಕು. ಮೊದಲ ನೋಟನ್ನೇ ದಿಟ್ಟಿಸುತ್ತಾ ಕೂರಬಾರದು. ತೊಂದರೆ ಏನೆಂದರೆ ಹೊಸ ಹಾಳೆ ಬೇಗ ಖಾಲಿಯಾಗುತ್ತದೆ. ತಿಂಗಳಿಗೆ ಇನ್ನೂರ ನಲವತ್ತು ಬಾರ್! ಕೊನೆಗೆ ಹಳೇ ಪುಸ್ತಕಗಳ ಎರಡನೇ ಪಿಟೀಲಿನ ಭಾಗಗಳನ್ನೆಲ್ಲ ಜೆರಾಕ್ಸ್ ಮಾಡಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಳೇ ಬಿಸ್ಕತ್ ಡಬ್ಬಿಗೆ ತುಂಬಿಕೊಟ್ಟೆ. ದಿನಾ ಒಂದು ಚೀಟಿ ಎತ್ತುವುದು.

ಪಿಟೀಲು ಇಲ್ಲದೆಯೂ ಓದಬಹುದು. ರೈಲಿನಲ್ಲಿ ಎಡಗೈ ಬೆರಳನ್ನು ಬಲಗೈ ಮುಂಗೈ ಮೇಲೆ ಊರಿ, ಕಾಲಲ್ಲಿ ತಾಳ ಹಾಕುತ್ತಾ ಓದು ಅಂದೆ. ಯಲಿಯೂರು ದಾಟುವಷ್ಟರಲ್ಲಿ ಒಂದು ಚೀಟಿ, ಪಾಂಡವಪುರಕ್ಕೆ ಇನ್ನೊಂದು. ಶ್ರೀರಂಗಪಟ್ಟಣದ ಹತ್ತಿರ ಹೊಳೆ ಬಂದಾಗ ಮಾತ್ರ ತಲೆ ಎತ್ತುತ್ತಿದ್ದಳಂತೆ. ಎದುರು ಕೂತ ಅಜ್ಜಿ ಒಬ್ಬರು "ಕೈ ನೋವೇನವ್ವಾ?" ಅಂತ ಕೇಳಿ ಅಮೃತಾಂಜನ ಕೊಟ್ಟರಂತೆ.

ನೆರಳಿನ ಅಭ್ಯಾಸ

ಆಗಸ್ಟ್ ಹೊತ್ತಿಗೆ ನೋಟ್‌ಗಳು ಸರಿಯಾದವು. ಆದರೂ ರಿಹರ್ಸಲ್‌ನಿಂದ ದೂರು ಬರುತ್ತಲೇ ಇತ್ತು. ಯಾವಾಗಲೂ ಒಂದು ಚೂರು ತಡ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆವು. ನಿಜ. ಒಬ್ಬಳೇ ನುಡಿಸಿದಾಗ ಮೆಟ್ರೋನೋಮ್ ಜೊತೆ ಸರಿಯಾಗಿ ಬೀಳುತ್ತಾಳೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಕೂದಲೆಳೆಯಷ್ಟು ಹಿಂದೆ.

ನನಗಿದು ಹೊಳೆಯಲು ಎರಡು ವಾರ ಬೇಕಾಯಿತು. ಅವಳು ಊರಿನಲ್ಲಿ ಹಾಡುವವರಿಗೆ ಪಕ್ಕವಾದ್ಯ ನುಡಿಸುತ್ತಾಳೆ. ಆಲಾಪನೆಯಲ್ಲಿ ಗಾಯಕರ ಬೆನ್ನಿಗೇ ನೆರಳಿನ ಹಾಗೆ ಹೋಗುವುದು ಅಲ್ಲಿ ದೊಡ್ಡ ವಿದ್ಯೆ. ಕೇಳು, ಹಿಡಿ, ಹಿಂಬಾಲಿಸು. ತಂಡದಲ್ಲೂ ಮೊದಲ ಪಿಟೀಲು ಕೇಳಿಸಿಕೊಂಡು, ಅದು ಖಾತ್ರಿಯಾದ ಮೇಲೆ ತನ್ನದನ್ನು ಬಿಡುತ್ತಿದ್ದಳು. ಗುಣವೇ ಇಲ್ಲಿ ದೋಷವಾಗಿತ್ತು. ಪಿಟೀಲು ಚೌಡಯ್ಯನವರ ಊರಿನ ಕಡೆಯ ನಮಗೆ ಇದು ರಕ್ತದಲ್ಲೇ ಬಂದಿದೆ ಅಂತ ತಮಾಷೆ ಮಾಡಿದೆ.

ಮದ್ದು ಸ್ವಲ್ಪ ಒರಟು. ಇಬ್ಬರೂ ಕೂತು ಎರಡು ಬೇರೆ ಬೇರೆ ಭಾಗ ನುಡಿಸುವುದು, ನಾನು ಬೇಕಂತಲೇ ತಪ್ಪುವುದು. ತಡವಾಗಿ ಬರುವುದು, ಒಂದು ಬಾರ್ ಹಾರಿಸುವುದು. "ನಾನು ಹಾಳಾಗಿ ಹೋಗ್ತೀನಿ, ನೀನು ಹಾಳೆ ಬಿಡಬೇಡ." ಮೊದಮೊದಲು ನನ್ನ ಜೊತೆಗೇ ಹಳ್ಳಕ್ಕೆ ಬೀಳುತ್ತಿದ್ದಳು. ಗುರು ತಪ್ಪಿದಾಗ ಶಿಷ್ಯೆ ಸರಿ ನುಡಿಸುವುದಕ್ಕೆ ಸಂಕೋಚ ಬೇರೆ. ಸೆಪ್ಟೆಂಬರ್ ಕೊನೆಗೆ ಒಂದು ದಿನ ನಾನು ಹಾರಿಸಿದ ಬಾರಿನಲ್ಲಿ ಒಬ್ಬಳೇ ನಿಂತು ನುಡಿಸಿ, ನನ್ನ ಕಡೆ ಹುಬ್ಬು ಹಾರಿಸಿದಳು.

ಮನೆಯ ಮಾತು

ದಸರಾ ರಜೆಗೆ ಅವಳ ಅಮ್ಮ ಬಂದಿದ್ದರು. ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿ ನೇರ ನನ್ನ ಮನೆಗೆ. ಅವರದ್ದು ಒಂದು ಅಸಮಾಧಾನ. "ಕಿವೀಲಿ ಕಲಿತ ವಿದ್ಯೆ ಸಾಲದಾ ಮೇಷ್ಟ್ರೇ? ಈ ಇಂಗ್ಲಿಷ್ ಓದು ಯಾಕೆ?" ಈಗ ತಾನೇ ಕೇಳಿಬಂದ ಬ್ಯಾಂಡಿನಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇವೆಯಲ್ಲಾ ಅಂದೆ. ಅರಮನೆಯ ಕಾಲದಿಂದ ಬಂದದ್ದು ಅದು. ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಆಗಲಿ ಅಂತ ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ್ದಾರೆ. ಅಮ್ಮ ಕಾಫಿ ಕುಡಿದರು, ಒಪ್ಪಲಿಲ್ಲ. "ಅವರು ಮಹಾರಾಜರು ಬಿಡಿ. ಇವಳ ಶಂಕರಾಭರಣದ ಗಾಂಧಾರ ಈಗ ಬಿದಿರು ಕಡ್ಡಿ ಥರ ನೆಟ್ಟಗೆ ನಿಲ್ಲುತ್ತೆ. ಅದಕ್ಕೇನು ಮಾಡ್ತೀರಿ?"

ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಅವರು ಹೇಳಿದ್ದು ನಿಜ. ಮೂರು ತಿಂಗಳು ನೇರ ಸ್ವರ ನುಡಿಸಿದ್ದಕ್ಕೆ ತೆತ್ತ ಬೆಲೆ ಅದು. ಹಾಳೆ ಓದಿದ ದಿನ ಮೊದಲು ಅರ್ಧ ಗಂಟೆ ಕೆಳಗೆ ಕೂತು ತನ್ನ ಪಿಟೀಲಿನಲ್ಲಿ ರಾಗ ನುಡಿಸಬೇಕು, ಕುರ್ಚಿ ಆಮೇಲೆ ಅಂತ ಅವತ್ತಿನಿಂದ ಕ್ರಮ ಬದಲಿಸಿದೆವು. ಗಾಂಧಾರ ನಿಧಾನವಾಗಿ ವಾಪಸ್ ಬಂತು. ಪೂರ್ತಿ ಬಂದಿಲ್ಲ ಅಂತ ಅಮ್ಮನ ವಾದ.

ಡಿಸೆಂಬರ್

ಕಾರ್ಯಕ್ರಮದಲ್ಲಿ ಏಳು ಹಾಡು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಾಲ್ಕನೆಯದರಲ್ಲಿ ಅವಳ ಕಮಾನು ನಿಂತಿತು. ಜಾಗ ತಪ್ಪಿದೆ ಅಂತ ನನಗೆ ಗೊತ್ತಾಯಿತು, ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ಗಾಳಿಯಲ್ಲಿ ಕಮಾನು ಆಡಿಸಲಿಲ್ಲ. ಪಕ್ಕದವಳನ್ನು ನೋಡಲಿಲ್ಲ. ಕಾಲು ಎಣಿಸುತ್ತಿತ್ತು. ಎರಡು ಬಾರ್ ಬಿಟ್ಟು, ಮೂರನೆಯದರ ಮೊದಲ ಎಣಿಕೆಗೆ ಸರಿಯಾಗಿ ಸೇರಿಕೊಂಡಳು. ಉಳಿದ ಆರು ಹಾಡು ಹೇಗೆ ನುಡಿಸಿದಳು ಅಂತ ಈಗ ನೆನಪಿಲ್ಲ. ಆ ಎರಡು ಬಾರ್ ನೆನಪಿದೆ.

ಮೊದಲ ದಿನದ ಎಂಟು ಬಾರಿನಷ್ಟೇ ಕಷ್ಟದ ಹೊಸ ಹಾಳೆಯನ್ನು ಈಗ ಮೆಟ್ರೋನೋಮ್ ಅರವತ್ತರಲ್ಲಿ ನಿಲ್ಲದೆ ನುಡಿಸುತ್ತಾಳೆ. ಒಂದೋ ಎರಡೋ ನೋಟ್ ತಪ್ಪುತ್ತದೆ. ಮೂರು ಶಾರ್ಪ್ ಕಂಡರೆ ಇನ್ನೂ ಮುಖ ಗಂಟಿಕ್ಕುತ್ತಾಳೆ.

ಜನವರಿಯಲ್ಲಿ ಮೂರನೇ ಪೊಸಿಷನ್ ಶುರುಮಾಡಿದೆವು. ಕೈ ಎರಡು ನೋಟ್ ಮೇಲಕ್ಕೆ ಸರಿಯುತ್ತದೆ. ಗೆರೆ-ಸಂದಿನ ಲೆಕ್ಕ ಇನ್ನು ಕೆಲಸಕ್ಕೆ ಬರುವುದಿಲ್ಲ, ಹೊಸದಾಗಿ ಕಲಿಸಬೇಕು ಅಂತ ನಾನು ಅಂದುಕೊಂಡಿದ್ದೆ. ಅವಳು ಬಂದವಳೇ ಪೆಟ್ಟಿಗೆ ಕೂಡ ತೆಗೆಯದೆ ಹೇಳಿದಳು.

"ಸರ್, ನಾಗನಹಳ್ಳಿ ಹತ್ರ ಯೋಚನೆ ಮಾಡ್ತಿದ್ದೆ. ಮೂರನೇದರಲ್ಲೂ ಗೆರೆ ಅಂದ್ರೆ ಒಂದು, ಮೂರೇ. ಎರಡನೇ ಪೊಸಿಷನ್‌ಗೆ ಹೋದ್ರೆ ಮಾತ್ರ ತಿರುಗುಮುರುಗು ಆಗುತ್ತೆ, ಅಲ್ವಾ?"

ಪಿಟೀಲು ಎತ್ತಿಕೊಂಡು ಡಿ ತಂತಿಯ ಮೇಲೆ ಬೆರಳಿಟ್ಟು ನೋಡಿದೆ. ಮೂರನೇ ಪೊಸಿಷನ್‌ನಲ್ಲಿ ಮೊದಲ ಬೆರಳು ಜಿ, ಗೆರೆ. ಎರಡನೆಯದಕ್ಕೆ ಇಳಿದರೆ ಎಫ್, ಸಂದು. ಇಷ್ಟು ವರ್ಷ ನುಡಿಸಿಯೂ ನಾನು ಇದನ್ನು ಗಮನಿಸಿರಲಿಲ್ಲ.

"ಹೌದಮ್ಮ" ಅಂದೆ. "ಡಬ್ಬಿಯಿಂದ ಒಂದು ಚೀಟಿ ತೆಗಿ."